ಹದಿನೈದು ಕಿಲೋಮೀಟರ್ ದೂರದ ದ್ವೀಪ

ಮದುವೆಯ ಚಪ್ಪರ ಬಿಚ್ಚುವ ಮೊದಲೇ ನವದಂಪತಿಗಳಿಗೆ ಎದುರಾಗುವ ಪ್ರಶ್ನೆ ಒಂದಿದೆ: ‘ಎಲ್ಲಿಗೆ ಹೊರಟಿದ್ದೀರಿ?’ ಒಂದು ಕಾಲಕ್ಕೆ ಮೈಸೂರಿನವರ ಬಳಿ ಇದಕ್ಕೆ ಉತ್ತರ ಸಿದ್ಧವಾಗಿರುತ್ತಿತ್ತು. ಊಟಿ, ಇಲ್ಲವೇ ಮಡಿಕೇರಿ. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದವರು ಕಾಶ್ಮೀರದ ಮಾತಾಡುತ್ತಿದ್ದರು. ಈಗ ಬೆಟ್ಟದ ಕಾಲ ಹೋಗಿ ದ್ವೀಪದ ಕಾಲ ಬಂದಿದೆ. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್, ಬಾಲಿ ಎಂಬ ಹೆಸರುಗಳು ಮಧ್ಯಮವರ್ಗದ ಮನೆಗಳ ಪಡಸಾಲೆಯಲ್ಲೂ ಕೇಳಿಬರುತ್ತಿವೆ.

ದ್ವೀಪದ ಆಕರ್ಷಣೆ ಏನೆಂದು ವಿವರಿಸಬೇಕಿಲ್ಲ. ಸುತ್ತ ನೀರು, ನಡುವೆ ನೆಂಟರಿಷ್ಟರ ಕಾಟವಿಲ್ಲದ ನಾಲ್ಕು ದಿನ. ತೆಂಗಿನ ಮರಗಳ ಸಾಲು, ದೋಣಿಯ ವಿಹಾರ, ಹಳೆಯ ಕೋಟೆಯೋ ಸೆರೆಮನೆಯೋ ಇದ್ದರೆ ಅದನ್ನೊಂದು ಸುತ್ತು ಹಾಕುವುದು, ಊಟಕ್ಕೆ ಅಲ್ಲಿನದೇ ಮೀನು, ಅಲ್ಲಿನದೇ ಹಣ್ಣು.

ಈ ಪಟ್ಟಿಯಲ್ಲಿ ಇರುವುದೆಲ್ಲ ಮೈಸೂರಿನಿಂದ ಹದಿನೈದು ಕಿಲೋಮೀಟರ್ ದೂರದಲ್ಲೇ ಇದೆ ಎಂದರೆ ಕೆಲವರಿಗೆ ನಗು ಬರಬಹುದು. ಆದರೆ ಲೆಕ್ಕ ಹಾಕಿ ನೋಡಿ. ತೆಂಗು ಇದೆ. ದೋಣಿಗೆ ಬದಲಾಗಿ ಹರಿಗೋಲು ಇದೆ. ಕೋಟೆ ಇದೆ, ಸೆರೆಮನೆಯೂ ಇದೆ. ಮೀನು, ಹಣ್ಣು, ಸುತ್ತ ನೀರು ಯಾವುದಕ್ಕೂ ಕೊರತೆಯಿಲ್ಲ. ಭೂಪಟದಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್ ಇರುವುದು ಉತ್ತರ ಅಕ್ಷಾಂಶ 12 ಡಿಗ್ರಿಯ ಆಸುಪಾಸಿನಲ್ಲಿ. ಶ್ರೀರಂಗಪಟ್ಟಣವೂ ಅಲ್ಲೇ.

ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪವೆಂದು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದಾರೆ. ಮದುವೆಯಾದ ಹೊಸದರಲ್ಲಿ ರಂಗನಾಥಸ್ವಾಮಿಗೂ ಗಂಜಾಂನ ನಿಮಿಷಾಂಬೆಗೂ ಹಣ್ಣುಕಾಯಿ ಮಾಡಿಸಿಕೊಂಡು ಬರದ ಮೈಸೂರಿನ ದಂಪತಿಗಳು ಕಡಿಮೆ. ಆದರೂ ಅಲ್ಲಿಗೆ ಹೋಗಿಬಂದವರಲ್ಲಿ ಎಷ್ಟು ಮಂದಿಗೆ ತಾವೊಂದು ದ್ವೀಪಕ್ಕೆ ಹೋಗಿ ಬಂದೆವೆಂದು ಅನ್ನಿಸಿದೆ? ದೇವಸ್ಥಾನ, ಬೇಸಿಗೆ ಅರಮನೆ, ಗುಂಬಜ್, ಸಂಗಮ ಎಂದು ಅರ್ಧ ದಿನದಲ್ಲಿ ಓಡಾಡಿ, ಕತ್ತಲಾಗುವ ಹೊತ್ತಿಗೆ ಬೃಂದಾವನದ ಕಾರಂಜಿಯ ಮುಂದೆ ನಿಂತರೆ ಪ್ರವಾಸ ಮುಗಿಯಿತು. ಹೀಗೆ ನೋಡಿದಾಗ ಶ್ರೀರಂಗಪಟ್ಟಣವೆಂದರೆ ಒಂದಕ್ಕೊಂದು ಸಂಬಂಧವಿಲ್ಲದ ಕೆಲವು ಹಳೆಯ ಕಟ್ಟಡಗಳು, ಅಷ್ಟೆ. ಅವನ್ನೆಲ್ಲ ಒಂದಕ್ಕೊಂದು ಹೆಣೆಯುವ ಎಳೆ ಸುತ್ತಲಿನ ನೀರು. ಈ ಊರನ್ನು ರಾಜಧಾನಿ ಮಾಡಿದ್ದು, ಅದಕ್ಕೆ ಅನ್ನ ಹಾಕಿದ್ದು, ಕಡೆಗೆ ಅದರ ಕೈಬಿಟ್ಟದ್ದು ಎಲ್ಲವೂ ಹೊಳೆಯೇ. ಅಷ್ಟೇ ಅಲ್ಲ, ಮೈಸೂರು ಮತ್ತೆ ರಾಜಧಾನಿಯಾದುದಕ್ಕೂ ಈ ಹೊಳೆಗೂ ಸಂಬಂಧವಿದೆ.

ಎರಡು ಕಡೆ ನೀರು

‘ದ್ವೀಪ’ ಸಂಸ್ಕೃತ ಶಬ್ದ. ‘ಎರಡು ಕಡೆ ನೀರುಳ್ಳದ್ದು’ ಎಂಬುದು ಅದರ ಮೂಲಾರ್ಥ. ಹಾಗೆ ನೋಡಿದರೆ ಈ ಹೆಸರು ಸಮುದ್ರದ ದ್ವೀಪಕ್ಕಿಂತ ಹೊಳೆಯ ನಡುವಿನ ನೆಲಕ್ಕೇ ಹೆಚ್ಚು ಒಪ್ಪುತ್ತದೆ. ಕನ್ನಡದಲ್ಲಿ ಇದಕ್ಕೆ ನಡುಗಡ್ಡೆ, ಕುರುವ ಎಂಬ ಮಾತುಗಳಿವೆ. ನೀರಿನಿಂದ ಮೇಲೆದ್ದ ಚಿಕ್ಕ ದಿಬ್ಬಕ್ಕೆ ತಿಟ್ಟು ಎನ್ನುತ್ತಾರೆ. ರಂಗನತಿಟ್ಟು ಹೆಸರಿನಲ್ಲಿರುವುದು ಅದೇ ತಿಟ್ಟು.

ಪಶ್ಚಿಮದಿಂದ ಹರಿದುಬರುವ ಕಾವೇರಿ ಶ್ರೀರಂಗಪಟ್ಟಣದ ಕೋಟೆಯ ಮೂಲೆಯಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಕವಲು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಸುಮಾರು ಐದು ಕಿಲೋಮೀಟರ್ ಆಚೆ, ಪೂರ್ವದ ತುದಿಯಲ್ಲಿ, ಎರಡೂ ಮತ್ತೆ ಕೂಡುತ್ತವೆ. ಆ ಜಾಗವೇ ಸಂಗಮ. ಮಧ್ಯದ ನೆಲದ ಅಗಲ ಒಂದೂವರೆ ಕಿಲೋಮೀಟರಿನಷ್ಟು. ಪಶ್ಚಿಮದ ತುದಿಯಲ್ಲಿ ಕೋಟೆ, ಅದರ ಆಚೆ ದರಿಯಾ ದೌಲತ್, ನಂತರ ಗಂಜಾಂ, ಪೂರ್ವಕ್ಕೆ ಗುಂಬಜ್ ಮತ್ತು ಸಂಗಮ. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದರೂ ಎರಡು ಗಂಟೆ ಸಾಕು.

ಮೈಸೂರಿನಿಂದ ಹಳೆಯ ರಸ್ತೆಯಲ್ಲಿ ಹೋಗುವಾಗ ಮೊದಲು ದಾಟುವುದು ದಕ್ಷಿಣದ ಕವಲು. ಊರು ಕಳೆದು ಬೆಂಗಳೂರಿನ ಕಡೆ ಹೊರಟರೆ ಉತ್ತರದ ಕವಲು. ಸೇತುವೆಗಳು ರಸ್ತೆಯ ಮಟ್ಟಕ್ಕೇ ಇರುವುದರಿಂದ ಬಸ್ಸಿನಲ್ಲಿ ಕೂತವರಿಗೆ ನೀರು ಕಂಡು ಮಾಯವಾಗುವುದು ಅರ್ಧ ನಿಮಿಷದಲ್ಲಿ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೈಪಾಸ್ ಹಿಡಿದವರಿಗೆ ಶ್ರೀರಂಗಪಟ್ಟಣದ ಪೇಟೆ ಸಿಗುವುದೇ ಇಲ್ಲ.

ದ್ವೀಪವನ್ನು ದ್ವೀಪವಾಗಿ ಕಾಣಬೇಕಾದರೆ ಉತ್ತರದ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆಗೆ ಹೋಗಬೇಕು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ್ದು. ಕಮಾನುಗಳಿಲ್ಲ. ಬಂಡೆಯ ಮೇಲೆ ನೆಟ್ಟ ಕಲ್ಲುಕಂಬಗಳು, ಕಂಬಗಳ ಮೇಲೆ ಕಲ್ಲಿನ ತೊಲೆಗಳು, ತೊಲೆಗಳ ಮೇಲೆ ಚಪ್ಪಡಿ. ನಮ್ಮ ದೇವಸ್ಥಾನಗಳ ಮುಖಮಂಟಪವನ್ನು ಉದ್ದಕ್ಕೆ ಎಳೆದು ಹೊಳೆಯ ಮೇಲೆ ಇಟ್ಟಂತೆ ಕಾಣುತ್ತದೆ. 1924ರ ಕಾವೇರಿಯ ಮಹಾಪ್ರವಾಹವನ್ನೂ ಕಂಡು ನಿಂತ ಸೇತುವೆ ಇದು. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಇದರ ಮೇಲೆ ಜನರ ಓಡಾಟ ನಿಲ್ಲಿಸುತ್ತಾರೆ. ಅಂಥ ದಿನ ದಂಡೆಯಲ್ಲಿ ನಿಂತು ನೋಡಿದವರಿಗೆ ದ್ವೀಪವೆಂದರೇನೆಂದು ಬೇರೆ ಹೇಳಬೇಕಿಲ್ಲ.

ಮೊದಲ ರಂಗ

ಕಾವೇರಿಯ ಹಾದಿಯಲ್ಲಿ ಮೂರು ದೊಡ್ಡ ದ್ವೀಪಗಳಿವೆ. ಮೂರರಲ್ಲೂ ಶೇಷನ ಮೇಲೆ ಪವಡಿಸಿದ ರಂಗನಾಥನಿದ್ದಾನೆ. ಶ್ರೀರಂಗಪಟ್ಟಣದವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಒಂದೇ ದಿನದಲ್ಲಿ ಮೂವರ ದರ್ಶನ ಮಾಡಿದರೆ ವಿಶೇಷ ಪುಣ್ಯವೆಂಬ ನಂಬಿಕೆಯಿಂದ ನಸುಕಿನಲ್ಲೇ ಇಲ್ಲಿಂದ ಹೊರಡುವ ಭಕ್ತರಿದ್ದಾರೆ. ಕ್ಷೀರಸಾಗರದ ನಡುವೆ ಮಲಗಿದ ದೇವರಿಗೆ ಹೊಳೆಯ ನಡುವೆಯೇ ಮನೆ ಹುಡುಕಿದ ನಮ್ಮ ಹಿರಿಯರ ಕಲ್ಪನೆ ಸೊಗಸಾದದ್ದು.

ಇಲ್ಲಿನ ದೇವಾಲಯ ಗಂಗರ ಕಾಲದ್ದು. ತಿರುಮಲಯ್ಯ ಎಂಬ ಗಂಗ ಅಧಿಕಾರಿ 894ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ನಂತರ ಹೊಯ್ಸಳರು, ವಿಜಯನಗರದವರು, ಮೈಸೂರು ಒಡೆಯರು ಒಬ್ಬೊಬ್ಬರೂ ಒಂದಿಷ್ಟು ಸೇರಿಸಿದರು. ಊರಿಗೆ ಹೆಸರು ಬಂದದ್ದು ಈ ರಂಗನಿಂದ. ಹೈದರ್, ಟಿಪ್ಪು ಇಲ್ಲಿಂದ ಆಳುವಾಗಲೂ ಹೆಸರು ಅದೇ ಉಳಿಯಿತು. ಗುಡಿಗೂ ಟಿಪ್ಪು ಕಟ್ಟಿಸಿದ ಎರಡು ಮಿನಾರುಗಳ ಜಾಮಿಯಾ ಮಸೀದಿಗೂ ಇರುವುದು ನಡೆದು ಹೋಗುವಷ್ಟು ದೂರ. ದ್ವೀಪದಲ್ಲಿ ಜಾಗ ಕಡಿಮೆ, ಎಲ್ಲವೂ ಹತ್ತಿರ ಹತ್ತಿರವೇ ಇರಬೇಕು.

ಈ ಗುಡಿಗೆ ಸೇರಿದ ಒಂದು ದಂಪತಿಯ ಕಥೆ ಹಳೆಯ ಮೈಸೂರಿನ ಮನೆಮನೆಗೂ ಗೊತ್ತು. ವಿಜಯನಗರದ ಪ್ರತಿನಿಧಿಯಾಗಿ ಇಲ್ಲಿದ್ದ ಶ್ರೀರಂಗರಾಯನ ಪತ್ನಿ ಅಲಮೇಲಮ್ಮ. ಆಕೆಯ ಒಡವೆಗಳನ್ನು ಮಂಗಳವಾರ, ಶುಕ್ರವಾರ ರಂಗನಾಯಕಿ ಅಮ್ಮನವರಿಗೆ ತೊಡಿಸುವ ಪದ್ಧತಿ ಇತ್ತಂತೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದುಕೊಂಡರು. ರಾಯ ತಲಕಾಡಿನಲ್ಲಿ ತೀರಿಕೊಂಡ. ಒಡವೆ ಕೇಳಲು ಬಂದ ಒಡೆಯರ ಕಡೆಯವರಿಗೆ ಸಿಕ್ಕದೆ ಅಲಮೇಲಮ್ಮ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವಾಗ ತಲಕಾಡು ಮರಳಿನಲ್ಲಿ ಮುಚ್ಚಲಿ, ಮಾಲಂಗಿ ಆಳದ ಮಡುವಾಗಲಿ, ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದೆ ಹೋಗಲಿ ಎಂದು ಶಪಿಸಿದಳೆಂದು ಪ್ರತೀತಿ. ಇದು ಐತಿಹ್ಯ. ಇತಿಹಾಸಕಾರರು ಇದನ್ನು ಅಕ್ಷರಶಃ ನಂಬುವುದಿಲ್ಲ. ಆದರೆ ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ವಿಗ್ರಹಕ್ಕೆ ಪೂಜೆ ಸಲ್ಲುತ್ತ ಬಂದಿರುವುದು ಮಾತ್ರ ನಿಜ.

ಮೈಸೂರು ಒಡೆಯರ ದಸರಾ ಆರಂಭವಾದದ್ದೂ ಅದೇ 1610ರಲ್ಲಿ, ಇದೇ ದ್ವೀಪದ ಮೇಲೆ. ಇಂದು ಜಗತ್ತೆಲ್ಲ ಮೈಸೂರು ದಸರಾ ಎನ್ನುವ ಹಬ್ಬ ಸುಮಾರು 190 ವರ್ಷಗಳ ಕಾಲ ಶ್ರೀರಂಗಪಟ್ಟಣದೊಡನೆ ಬೆಸೆದುಕೊಂಡಿತ್ತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯೂ ಮತ್ತೆ ದಸರಾ ನಡೆಸಲಾಗುತ್ತಿದೆ.

ಮಳೆ ಕಾದ ಕೋಟೆ

ರಾಜರು ದ್ವೀಪವನ್ನು ಬಯಸಿದ್ದು ಏಕಾಂತಕ್ಕಲ್ಲ, ರಕ್ಷಣೆಗೆ. ವಿಜಯನಗರದ ಕಾಲದಲ್ಲಿ, 1454ರಲ್ಲಿ, ತಿಮ್ಮಣ್ಣ ಎಂಬ ದಂಡನಾಯಕ ಇಲ್ಲಿ ಮೊದಲ ಕೋಟೆ ಕಟ್ಟಿಸಿದ. ಹೊಳೆ ಕವಲೊಡೆಯುವ ಮೂಲೆಯಲ್ಲೇ ಕೋಟೆ ಇರುವುದರಿಂದ ಉತ್ತರಕ್ಕೂ ಪಶ್ಚಿಮಕ್ಕೂ ದಕ್ಷಿಣಕ್ಕೂ ಕಾವೇರಿಯೇ ಕಾವಲು. ನೀರಿಲ್ಲದ ಪೂರ್ವದ ಕಡೆ ಮನುಷ್ಯರು ಹೆಚ್ಚು ಬೆವರು ಸುರಿಸಿ ಗೋಡೆ, ಕಂದಕಗಳನ್ನು ಒಂದರ ಹಿಂದೊಂದು ಮಾಡಬೇಕಾಯಿತು.

ಆದರೆ ಹೊಳೆ ವರ್ಷವಿಡೀ ಒಂದೇ ರೀತಿ ಇರುವುದಿಲ್ಲವಲ್ಲ. ಅಣೆಕಟ್ಟು ಇಲ್ಲದ ಆ ಕಾಲದಲ್ಲಿ ಕೊಡಗಿನಲ್ಲಿ ಮುಂಗಾರು ಹಿಡಿದರೆ ಜೂನ್ ಹೊತ್ತಿಗೆ ಕಾವೇರಿ ಎರಡೂ ದಡ ತುಂಬಿ ಬರುತ್ತಿತ್ತು. ಆಗ ಸೈನ್ಯಕ್ಕೆ ದಾಟಲು ಹಾದಿಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬಂಡೆಗಳು ತಲೆಯೆತ್ತಿ, ಹಲವು ಕಡೆ ನಡೆದೇ ದಾಟಬಹುದಿತ್ತು. ಶ್ರೀರಂಗಪಟ್ಟಣವನ್ನು ಮುತ್ತಿದವರೆಲ್ಲರಿಗೂ ಈ ಪಂಚಾಂಗ ಗೊತ್ತಿರಲೇಬೇಕಾಗಿತ್ತು.

ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಇದನ್ನು ಕಷ್ಟಪಟ್ಟು ಕಲಿತ. 1791ರ ಮೇ ತಿಂಗಳಲ್ಲಿ ಆತ ಅರಕೆರೆಯವರೆಗೆ ಬಂದ. ಅಷ್ಟರಲ್ಲಿ ಮಳೆ ಹಿಡಿಯಿತು. ದವಸವಿಲ್ಲ, ಗಾಡಿ ಎಳೆಯುವ ಎತ್ತುಗಳು ಸಾಯತೊಡಗಿದವು. ಭಾರಿ ಫಿರಂಗಿಗಳನ್ನು ತನ್ನ ಕೈಯಾರೆ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮುಂದಿನ ವರ್ಷ ಆತ ಬಂದದ್ದು ಫೆಬ್ರವರಿಯಲ್ಲಿ! 1792ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಿ, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು.

1799ರಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಏಪ್ರಿಲ್ ಆರಂಭದಲ್ಲಿ ಕೋಟೆಯ ಎದುರು ಬೀಡುಬಿಟ್ಟಿತು. ಒಳಗಿದ್ದವರು ಮಳೆಗಾಗಿ ಕಾದರು. ಹೊರಗಿದ್ದವರು ಮಳೆಗೆ ಹೆದರಿದರು. ಹ್ಯಾರಿಸ್‌ನ ಶಿಬಿರದಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ, ಪಶ್ಚಿಮದ ಗೋಡೆಯಲ್ಲಿ ಕೊರೆದ ಬಿರುಕಿನ ಕಡೆಗೆ ಸೈನಿಕರು ಹೊಳೆಗೆ ಇಳಿದರು. ಬಂಡೆಗಳ ನಡುವೆ ನೀರು ಕೆಲವೆಡೆ ಮೊಣಕಾಲು, ಕೆಲವೆಡೆ ಸೊಂಟದಷ್ಟು. ಕೆಲವೇ ನಿಮಿಷಗಳಲ್ಲಿ ಗೋಡೆಯ ಮೇಲೆ ಅವರ ಬಾವುಟ ಹಾರಿತು. ಮುಂದಾಳಾಗಿದ್ದ ಡೇವಿಡ್ ಬೇರ್ಡ್‌ಗೆ ಈ ಊರು ಹೊಸತಲ್ಲ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ, 1784ರವರೆಗೆ ಇದೇ ದ್ವೀಪದಲ್ಲಿ ಕೈದಿಯಾಗಿದ್ದವನು ಆತ.

ಆ ರಾತ್ರಿ ಕೋಟೆಯ ಬಾಗಿಲೊಂದರ ಬಳಿ ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹ ಸಿಕ್ಕಿತು. ಮರುದಿನ ಗುಂಬಜ್‌ನಲ್ಲಿ ಸಮಾಧಿ ಮಾಡಿದರು. ಅಂದು ಸಂಜೆಯೇ ಗುಡುಗು ಸಿಡಿಲಿನ ಭಾರಿ ಮಳೆ ಸುರಿಯಿತೆಂದು ಅಲ್ಲಿದ್ದ ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ.

ಇಷ್ಟು ತಿಳಿದು ದರಿಯಾ ದೌಲತ್‌ಗೆ ಹೋದರೆ ಗೋಡೆಯ ಚಿತ್ರಗಳು ಬೇರೆಯಾಗಿಯೇ ಕಾಣುತ್ತವೆ. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಮರದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ತುಂಬ ಪೊಳ್ಳಿಲೂರು ಯುದ್ಧವಿದೆ. ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ ಸೋಲುತ್ತಿರುವ ದೃಶ್ಯ. ಬೇಲಿ ಸೆರೆಯಲ್ಲೇ ಸತ್ತದ್ದು ಇದೇ ದ್ವೀಪದಲ್ಲಿ, 1782ರಲ್ಲಿ. ಕೋಟೆಯೊಳಗಿನ ನೆಲಮಾಳಿಗೆಯ ಸೆರೆಮನೆಗೆ ಇಂದಿಗೂ ಆತನದೇ ಹೆಸರು. ಗೆದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಈ ಅರಮನೆಯಲ್ಲೇ ವಾಸವಾಗಿದ್ದ. ತಮ್ಮವರು ಸೋತ ಚಿತ್ರಗಳನ್ನು ಮುಂದೆ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯೇ ಮತ್ತೆ ಬರೆಸಿದ.

ಅಲ್ಲಿಂದ ಪೂರ್ವಕ್ಕೆ ಸೈಪ್ರಸ್ ಮರಗಳ ಸಾಲಿನ ಕೊನೆಯಲ್ಲಿ ಗುಂಬಜ್. ಹೈದರ್ ಅಲಿ, ಆತನ ಪತ್ನಿ ಫಕ್ರುನ್ನಿಸಾ, ಮಗ ಟಿಪ್ಪು ಮೂವರೂ ಒಂದೇ ಸೂರಿನಡಿ ಮಲಗಿದ್ದಾರೆ. ಕನ್ನಡಿಯಂತೆ ಹೊಳೆಯುವ ಕಪ್ಪುಕಲ್ಲಿನ ಕಂಬಗಳನ್ನು ಮುಟ್ಟಿ ನೋಡದೆ ಬರುವವರು ಕಡಿಮೆ.

ಜ್ವರ ಬಂದ ರಾಜಧಾನಿ

ಕೋಟೆ ಬಿದ್ದ ಎರಡು ತಿಂಗಳೊಳಗೆ, 1799ರ ಜೂನ್ 30ರಂದು, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ರಾಜಧಾನಿ ದ್ವೀಪ ಬಿಟ್ಟು ಹೊರಬಂತು. ನಮ್ಮ ಇಂದಿನ ಮೈಸೂರು ನಗರದ ಬೆಳವಣಿಗೆ ಆರಂಭವಾಗುವುದು ಅಲ್ಲಿಂದ.

ದ್ವೀಪವನ್ನು ಕಂಪನಿ ಸರ್ಕಾರ ತನ್ನ ಬಳಿಯೇ ಇಟ್ಟುಕೊಂಡಿತು. ಆದರೆ ಹೊಸ ಯಜಮಾನರಿಗೆ ಹೊಳೆ ಒಗ್ಗಲಿಲ್ಲ. ಗದ್ದೆ, ಕಾಲುವೆ, ಕಂದಕಗಳಲ್ಲಿ ನಿಂತ ನೀರು ಸೊಳ್ಳೆಗಳ ತವರು. ಜ್ವರ ಸೈನಿಕರನ್ನು ಯುದ್ಧಕ್ಕಿಂತ ಚೆನ್ನಾಗಿ ಕೊಂದಿತು. ಮಲೇರಿಯಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ತೋರಿಸಿದ್ದು 1897ರಲ್ಲಿ. ಅದಕ್ಕೆ ನೂರು ವರ್ಷ ಮೊದಲು ಜನ ಕೆಟ್ಟ ಗಾಳಿಯನ್ನು ದೂರುತ್ತಿದ್ದರು. ಕಡೆಗೆ ಎತ್ತರದ, ಒಣಹವೆಯ ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಯಾಯಿತು. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದರ ಹಿಂದೆ ಶ್ರೀರಂಗಪಟ್ಟಣದ ಜ್ವರವಿದೆ.

ಊರು ಬರಿದಾದ ವೇಗವನ್ನು ಅಂಕಿಗಳೇ ಹೇಳುತ್ತವೆ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು ಅಂದಾಜು ಮಾಡಿದ. ಆತ ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. 1901ರ ಜನಗಣತಿಯಲ್ಲಿ ಸಿಕ್ಕವರು 8,584 ಮಂದಿ.

ಕಾವೇರಿಯ ದಂಡೆಯ ಹಳೆಯ ಗ್ಯಾರಿಸನ್ ಸ್ಮಶಾನಕ್ಕೆ ಪ್ರವಾಸಿಗರು ಹೋಗುವುದು ಅಪರೂಪ. ಮುನ್ನೂರಕ್ಕೂ ಹೆಚ್ಚು ಸಮಾಧಿಗಳಿವೆ. ಸೈನಿಕರದಷ್ಟೇ ಅಲ್ಲ, ಅವರ ಹೆಂಡತಿಯರದೂ ಹಸುಗೂಸುಗಳದೂ ಇವೆ. ಸಪ್ತಸಾಗರದಾಚೆಯಿಂದ ಗಂಡನ ಹಿಂದೆ ಬಂದ ಆ ಹೆಣ್ಣುಮಕ್ಕಳಿಗೆ ಉಷ್ಣವಲಯದ ದ್ವೀಪ ಕೊಟ್ಟದ್ದು ಇಷ್ಟೇ. ಹತ್ತಿರದಲ್ಲೇ ಸ್ಕಾಟ್ ಬಂಗಲೆಯೂ ಇದೆ. ಕರ್ತವ್ಯ ಮುಗಿಸಿ ಮನೆಗೆ ಬಂದ ಕರ್ನಲ್ ಸ್ಕಾಟ್, ಹೆಂಡತಿ ಮಕ್ಕಳು ಕಾಲರಾಕ್ಕೆ ಬಲಿಯಾದುದನ್ನು ಕಂಡು, ಇಟ್ಟದ್ದನ್ನು ಇಟ್ಟಲ್ಲೇ ಬಿಟ್ಟು ಹೊರಟುಹೋದನೆಂದು ಕಥೆ. ಆ ಮನೆಯನ್ನು ಇದ್ದಂತೆಯೇ ಇಡಬೇಕೆಂದು ಮುಮ್ಮಡಿಯವರು ಆಜ್ಞೆ ಮಾಡಿದರೆಂದೂ ಹೇಳುತ್ತಾರೆ.

ಬೇಡವಾದ ದ್ವೀಪ 1881ರಲ್ಲಿ ಕೈಬದಲಾಯಿತು. ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಬ್ರಿಟಿಷರು ಬೆಂಗಳೂರಿನ ದಂಡು ಪ್ರದೇಶವನ್ನು ತಾವು ಇಟ್ಟುಕೊಂಡು, ಅದಕ್ಕೆ ಪ್ರತಿಯಾಗಿ ಶ್ರೀರಂಗಪಟ್ಟಣವನ್ನು ಬಿಟ್ಟುಕೊಟ್ಟರು. ಅಷ್ಟರಲ್ಲಿ ಟಿಪ್ಪುವಿನ ಲಾಲ್ ಮಹಲ್ ಅರಮನೆ ನೆಲಸಮವಾಗಿ ದಶಕಗಳು ಕಳೆದಿದ್ದವು. ಅದರ ತೊಲೆಗಳಲ್ಲಿ ಕೆಲವು ಎಲ್ಲಿವೆ ಗೊತ್ತೇ? ಊಟಿಯಲ್ಲಿ! 1831ರಲ್ಲಿ ತೆರೆದ ಸೇಂಟ್ ಸ್ಟೀಫನ್ಸ್ ಚರ್ಚಿನ ಮರಮುಟ್ಟು ಇಲ್ಲಿಂದಲೇ ಹೋದದ್ದು. ಮಧುಚಂದ್ರಕ್ಕೆ ಊಟಿಗೆ ಹೋದ ಮೈಸೂರಿನ ಎಷ್ಟೋ ಜೋಡಿಗಳು ನಮ್ಮ ದ್ವೀಪದ ಅರಮನೆಯ ಮರದ ಕೆಳಗೆ ನಿಂತು ಬಂದಿದ್ದಾರೆ.

ಹೊಳೆಯ ಮೇಲೆ ಹೊಳೆ

ಲಕ್ಷ ಜನರ ಊರಿಗೆ ಊಟ ಎಲ್ಲಿಂದ ಬರುತ್ತಿತ್ತು? ಸುತ್ತ ನೀರಿದ್ದರೂ ಅದು ಕೆಳಗೆ ಹರಿಯುತ್ತದೆ, ನೆಲ ಮೇಲಿದೆ. ಹದಿನೇಳನೆಯ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದವರು ಇದಕ್ಕೆ ಕಂಡುಕೊಂಡ ಉಪಾಯವನ್ನು ಇಂದಿನ ಎಂಜಿನಿಯರುಗಳೂ ಮೆಚ್ಚಬೇಕು. ಮೇಲ್ಭಾಗದಲ್ಲಿ ಹೊಳೆಗೆ ಕಟ್ಟೆ ಹಾಕಿ, ನೀರನ್ನು ಕಾಲುವೆಗೆ ತಿರುಗಿಸಿ, ಆ ಕಾಲುವೆಯನ್ನು ಕಲ್ಲುಕಂಬಗಳ ಮೇಲುಗಾಲುವೆಯಾಗಿ ದಕ್ಷಿಣದ ಕವಲಿನ ಮೇಲಿಂದಲೇ ದಾಟಿಸಿ ದ್ವೀಪಕ್ಕೆ ತಂದರು. ಕಾವೇರಿಯ ಮೇಲೆ ಕಾವೇರಿ! ಇದೇ ಬಂಗಾರದೊಡ್ಡಿ ನಾಲೆ.

1645ರಿಂದ 1648ರ ನಡುವೆ ಕಟ್ಟಿದ ಕಟ್ಟೆಯಿಂದ ಇನ್ನೊಂದು ಲಾಭವಾಯಿತು. ಹಿಂದಕ್ಕೆ ನಿಂತ ನೀರಿನಲ್ಲಿ ಪುಟ್ಟ ಪುಟ್ಟ ತಿಟ್ಟುಗಳು ಉಳಿದವು, ನರಿ ನಾಯಿಗಳ ಭಯವಿಲ್ಲದ ಆ ತಿಟ್ಟುಗಳ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ ಮೈಸೂರು ಮಹಾರಾಜರು 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿದರು. ರಂಗನತಿಟ್ಟಿನ ಕಥೆ ಇದು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು. ದೋಣಿಯಲ್ಲಿ ಕೂತರೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆ ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಈ ಸೀಮೆಯ ಊಟದ ವ್ಯಾಕರಣವೂ ನೀರಿನದೇ. ಕಾಲುವೆ ಮುಟ್ಟಿದ ಕಡೆ ಭತ್ತ ಮತ್ತು ಕಬ್ಬು, ಮುಟ್ಟದ ಕಡೆ ರಾಗಿ. ಆದ್ದರಿಂದ ಒಂದೇ ಊರಿನಲ್ಲಿ ಎರಡು ಬಗೆಯ ಊಟ. ಗುಡಿಯ ಸುತ್ತಿನ ಮನೆಗಳಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲು, ಮೊಸರನ್ನ. ಪೇಟೆಯ ಮತ್ತು ಹಳ್ಳಿಯ ಮನೆಗಳಲ್ಲಿ ರಾಗಿ ಮುದ್ದೆಗೆ ಬಸ್ಸಾರು, ಉಪ್ಪುಸಾರು, ಚಳಿಗಾಲದಲ್ಲಿ ಅವರೆಕಾಳಿನ ಸಾರು. ಮಾಂಸಾಹಾರಿಗಳಾದರೆ ಹೊಳೆ ಮೀನಿನ ಸಾರು. ಕೃಷ್ಣರಾಜಸಾಗರದ ಬಳಿ ಬಾಣಲೆಯಿಂದ ಆಗತಾನೆ ತೆಗೆದ ಮೀನನ್ನು ನಿಂತೇ ತಿನ್ನುವವರ ಸಾಲು ಭಾನುವಾರ ಉದ್ದವಾಗಿರುತ್ತದೆ. ಮಂಡ್ಯದ ಬೆಲ್ಲದ ಹೆಸರು ಎಲ್ಲರಿಗೂ ಗೊತ್ತು. ಹಂಗಾಮಿನಲ್ಲಿ ದಾರಿಬದಿಯ ಆಲೆಮನೆಯ ಬಿಸಿ ಬೆಲ್ಲ ಬಾಲಿಯಲ್ಲಂತೂ ಸಿಗಲಾರದು.

ದ್ವೀಪಕ್ಕೇ ಮೀಸಲಾದ ಹಣ್ಣೊಂದಿತ್ತು: ಗಂಜಾಂ ಅಂಜೂರ. ಗಂಜಾಂ ಟಿಪ್ಪು ಬೆಳೆಸಿದ ಪೇಟೆ. ಜನ ತಾವಾಗಿ ಬಂದು ನೆಲೆಸಿದ್ದಲ್ಲ. ಶಿರಾದಿಂದ 12 ಸಾವಿರ ಕುಟುಂಬಗಳನ್ನು ಬಲವಂತವಾಗಿ ತಂದು ನೆಲೆಗೊಳಿಸಿದರೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅಲ್ಲಿನ ಅಂಜೂರ ಎಷ್ಟು ಹೆಸರಾಯಿತೆಂದರೆ ತೋಟಗಾರಿಕೆಯ ಪುಸ್ತಕಗಳಲ್ಲಿ ‘ಗಂಜಾಂ’ ಒಂದು ತಳಿಯ ಹೆಸರಾಗಿ ಸೇರಿದೆ. ಹಿಂದಿನಂತೆ ಈಗ ತೋಟಗಳು ಕಾಣುವುದಿಲ್ಲ. ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದರೆ ಬೆಳೆಯುವವರೂ ಉಳಿದಾರು.

ಅರ್ಧ ದಿನ ಸಾಲದು

ಇಂದು ಶ್ರೀರಂಗಪಟ್ಟಣಕ್ಕೆ ಮುತ್ತಿಗೆಯ ಭಯವಿಲ್ಲ, ಆ ಹಿಂದಿನ ಜ್ವರದ ಭಯವೂ ಇಲ್ಲ. ಈಗಿನ ಅಪಾಯ ಬೇರೆ ಬಗೆಯದು. ಇದು ದ್ವೀಪವೆಂಬುದನ್ನೇ ಮರೆಯುವುದು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಮುಗಿದ ಮೇಲೆ ಹೊಳೆಯ ಏರಿಳಿತವನ್ನು ನಿರ್ಧರಿಸುವುದು ಮಳೆಯೊಂದೇ ಅಲ್ಲ, ಅಣೆಕಟ್ಟಿನ ಬಾಗಿಲುಗಳೂ ಹೌದು. ಕೆಲವು ಬೇಸಿಗೆಗಳಲ್ಲಿ ಕವಲುಗಳು ಬಂಡೆಯ ಹಾಸಾಗುತ್ತವೆ, ಕೆಲವು ಆಗಸ್ಟ್‌ಗಳಲ್ಲಿ ನಿಮಿಷಾಂಬ ದೇವಸ್ಥಾನದ ಮೆಟ್ಟಿಲುಗಳು ಮುಳುಗುತ್ತವೆ. ಪ್ರವಾಸಿಗರು ಕಟ್ಟಡಗಳನ್ನಷ್ಟೇ ನೋಡಿದರೆ ಸರ್ಕಾರವೂ ಕಟ್ಟಡಗಳನ್ನಷ್ಟೇ ಕಾಯುತ್ತದೆ. ಮೇಲುಗಾಲುವೆ, ಕಂದಕ, ಹೊಳೆಯ ದಡ, ಅಂಜೂರದ ತೋಟ ಇವಕ್ಕೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನಸ್ಸು ಮಾಡಿದರೆ ಉಳಿಸಲು ಸಾಧ್ಯ ಎಂಬುದಕ್ಕೆ ಉದಾಹರಣೆಯೂ ಇಲ್ಲೇ ಇದೆ. ಮೈಸೂರು-ಬೆಂಗಳೂರು ರೈಲುಮಾರ್ಗ ಜೋಡಿಯಾಗುವಾಗ ಹಳಿಗೆ ಅಡ್ಡ ಬಂದದ್ದು ಟಿಪ್ಪುವಿನ ಮದ್ದಿನಮನೆ. ಸುಮಾರು ಒಂದು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, 2017ರಲ್ಲಿ ಬುಡಸಹಿತ ಎತ್ತಿ, ನೂರಕ್ಕೂ ಹೆಚ್ಚು ಮೀಟರ್ ಆಚೆ ಇಟ್ಟರು.

ಆದ್ದರಿಂದ ದ್ವೀಪಕ್ಕೆ ಹೋಗಬೇಕೆನ್ನುವ ನವದಂಪತಿಗಳಿಗೆ, ಮದುವೆಯಾಗಿ ಮೂವತ್ತು ವರ್ಷ ಕಳೆದವರಿಗೂ, ಒಂದು ಸಲಹೆ. ಎರಡು ದಿನ ಬಿಡುವು ಮಾಡಿಕೊಂಡು ಮೈಸೂರಿನಿಂದ ರೈಲು ಹತ್ತಿ. ನಿಲ್ದಾಣ ಇರುವುದೇ ಕೋಟೆಯ ಪಕ್ಕ. ಮೊದಲ ದಿನ ರಂಗನಾಥನ ದರ್ಶನ, ಕೋಟೆಯ ಪಶ್ಚಿಮದ ಗೋಡೆ, ಸೆರೆಮನೆ, ಸಂಜೆಗೆ ವೆಲ್ಲೆಸ್ಲಿ ಸೇತುವೆ. ಎರಡನೆಯ ದಿನ ಬೆಳಗಿನ ತಂಪಿನಲ್ಲಿ ರಂಗನತಿಟ್ಟು, ಮಧ್ಯಾಹ್ನ ಮುದ್ದೆ ಊಟ, ಆಮೇಲೆ ದರಿಯಾ ದೌಲತ್, ಗಂಜಾಂ, ಗುಂಬಜ್. ಕಾರಿನಲ್ಲಿ ಹಾರಿ ಹೋಗುವುದಕ್ಕಿಂತ ಆಟೊದಲ್ಲೋ ಸೈಕಲ್ಲಿನಲ್ಲೋ ಹೋದರೆ ದ್ವೀಪದ ಅಳತೆ ತಿಳಿಯುತ್ತದೆ. ದಕ್ಷಿಣದ ಕವಲಿನ ಪಶ್ಚಿಮವಾಹಿನಿಯನ್ನೂ ಮರೆಯಬೇಡಿ. ಹೊಳೆ ಅಲ್ಲಿ ಪಶ್ಚಿಮಕ್ಕೆ ತಿರುಗುವುದರಿಂದ ಅದು ಪುಣ್ಯಸ್ಥಳ. ತೀರಿಕೊಂಡ ಹಿರಿಯರ ಅಸ್ಥಿ ಬಿಡಲು ಮೈಸೂರು ಸೀಮೆಯವರು ಬರುವುದು ಅಲ್ಲಿಗೇ. 1948ರ ಫೆಬ್ರವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದ್ದೂ ಅಲ್ಲಿಯೇ.

ಪ್ರವಾಸವನ್ನು ಸಂಗಮದಲ್ಲಿ ಮುಗಿಸುವುದು ಚೆಂದ. ಹರಿಗೋಲಿನವರು ಇರುತ್ತಾರೆ, ದರ ಮೊದಲೇ ಮಾತಾಡಿಕೊಳ್ಳಿ. ಸುಳಿಗಳಿರುವುದರಿಂದ ಈಜು ಬಂದರೂ ಆಳಕ್ಕೆ ಇಳಿಯಬೇಡಿ, ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ಸಾಕು. ಎಡಗಡೆಯಿಂದ ಬರುವುದು ಉತ್ತರದ ಕವಲು, ಬಲಗಡೆಯಿಂದ ಬರುವುದು ದಕ್ಷಿಣದ್ದು. ಬೆನ್ನ ಹಿಂದೆ ಇರುವುದು ದ್ವೀಪ.